ಒಲೆ ನೋಡುತ್ತಿದ್ದ ಆಯಮ್ಮ

ಆ ದಿನ ಬೆಳಿಗ್ಗೆಯೂ ಅವ್ವ ಕಬ್ಬಿಣದ ಸಿಗಡಿ ಒಲೆಯನ್ನು ಅಂಗಳಕ್ಕೆ ತಂದಿಟ್ಟು, ಕಲ್ಲಿದ್ದಲಿನ ಚೂರುಗಳ ನಡುವೆ ಎಣ್ಣೆ ಬಟ್ಟೆ ತುರುಕಿ, ಮೊರದಿಂದ ಗಾಳಿ ಹಾಕುತ್ತಿದ್ದಳು. ನಾನು ನಳದಿಂದ ಎರಡು ಕೊಡ ನೀರು ತಂದು, ಹೊಸ್ತಿಲು ತೊಳೆದು, ನಾಲ್ಕೆಳೆ ರಂಗೋಲಿ ಹಾಕಿದ್ದೆ. ಗುಂತಕಲ್ಲಿನ ಗಾಡಿ ಕೂಗಿಕೊಂಡು ಹೋಯಿತು. ಗೋಡೆಯಾಚೆ ಪೋರ್ಟರನ ಹೆಂಡತಿ ನರಸಮ್ಮ ತನ್ನ ಕೋಳಿಗಳನ್ನು ಬಯ್ಯುತ್ತಿದ್ದಳು. ಎಲ್ಲವೂ ದಿನದ ಹಾಗೆಯೇ ಇತ್ತು, ಬಚ್ಚಲ ಕಲ್ಲಿನ ಮೇಲೆ ಕುಳಿತಿದ್ದ ಅಪ್ಪನೊಬ್ಬನನ್ನು ಬಿಟ್ಟು. ಅಪ್ಪನ ಕೈಯಲ್ಲಿ ಬೇವಿನ ಕಡ್ಡಿಯಿತ್ತು.

ನಾನು ಹುಟ್ಟಿದಾಗಿನಿಂದ ಅಪ್ಪ ಬೇವಿನ ಕಡ್ಡಿ ಬಾಯಿಗಿಟ್ಟಿದ್ದನ್ನು ಕಂಡಿರಲಿಲ್ಲ. ಇದ್ದಲಿ ಪುಡಿಯಿಂದಲೇ ಹಲ್ಲುಜ್ಜುತ್ತಿದ್ದ. "ನಮ್ಮದು ಬೇವಿನ ಬೆಡಗು, ಬೇವು ನಮ್ಮ ಮನೀ ಗಿಡ" ಎನ್ನುತ್ತಿದ್ದ. ಬೆಡಗೆಂದರೆ ನಮ್ಮ ಕುರಿ ಸಾಕುವ ಜನರಲ್ಲಿ ತಂದೆಯಿಂದ ಮಕ್ಕಳಿಗೆ ಇಳಿದುಬರುವ ಮನೆತನದ ಗುರುತು. ಗುರುತಿನ ಗಿಡಕ್ಕೆ ಕೊಡಲಿ ಹಾಕುವಂತಿಲ್ಲ, ಅದನ್ನು ಒಲೆಗಿಡುವಂತಿಲ್ಲ, ಅದರ ಕಡ್ಡಿ ಮುರಿದು ಹಲ್ಲುಜ್ಜುವಂತಿಲ್ಲ. ಒಂದೇ ಬೆಡಗಿನ ಹುಡುಗ ಹುಡುಗಿ, ಹಿಂದುಮುಂದು ಗೊತ್ತಿಲ್ಲದವರಾದರೂ ಅಣ್ಣ ತಂಗಿ. ಅವರ ನಡುವೆ ಮದುವೆ ಇಲ್ಲ.

ಅಪ್ಪ ಕಡ್ಡಿಯ ತುದಿಯನ್ನು ಉಗುರಿನಿಂದ ಸುಲಿದ. ಬಾಯಿಯ ತನಕ ತಂದ. ಮತ್ತೆ ಕಲ್ಲಿನ ಮೇಲಿಟ್ಟು, ಇದ್ದಲಿ ಪುಡಿಯ ಡಬ್ಬಿಗೆ ಕೈಚಾಚಿದ. "ನಲವತ್ತು ವರ್ಷದ ಚಟ, ಒಂದು ದಿನದಾಗ ಹೋಗೂದಿಲ್ಲವ್ವಾ" ಎಂದು ನನ್ನನ್ನು ನೋಡಿ ನಗಲು ಹೋದ, ಆಗಲಿಲ್ಲ.

ಅಂದು ಬುಧವಾರ. ಸಂಜೆಗೆ ಗಿಲ್ಲೆಸುಗೂರಿನಿಂದ ಬೀಗರು ಬರುವವರಿದ್ದರು. ನನ್ನ ಮದುವೆ ಉಳಿಯುವುದೋ ಮುರಿಯುವುದೋ ಆಗ ತೀರ್ಮಾನವಾಗಬೇಕಿತ್ತು.

ಅಷ್ಟು ಹೊತ್ತಿಗೆ ನಾನು ಓದಿದ ಶಾಲೆಯ ಆಯಮ್ಮ ಬಂದಳು. ಚೌಕಡಿ ಸೀರೆ, ಕಂಕುಳಲ್ಲಿ ರೊಟ್ಟಿಯ ಗಂಟು. "ಇನ್ನೂ ಹೆರಳು ಹಾಕ್ಕೊಂಡಿಲ್ಲೇನಬೇ? ಮೋಟಾರು ನಿನ್ನ ಸಲುವಾಗಿ ನಿಂದರತದೇನು?" ಎಂದು ನನ್ನ ಕೂದಲನ್ನು ತಾನೇ ಹಿಡಿದು ಬಿಗಿಯಾಗಿ ಎಳೆದು ಹೆಣೆದಳು. ಆಕೆಯ ಬೆರಳುಗಳು ಸೀಮೆಸುಣ್ಣ ಮತ್ತು ತಂಬಾಕಿನ ವಾಸನೆ ಹೊಡೆಯುತ್ತಿದ್ದವು. ಶಾಲೆಯಲ್ಲಿದ್ದಾಗಲೂ ಹಾಗೆಯೇ.

*

ಆಯಮ್ಮ ತೀರಿಕೊಂಡಳೆಂದು ಹೋದ ತಿಂಗಳು ಸಿಸ್ಟರೊಬ್ಬರು ಕಾಗದ ಬರೆದರು. ಎಂಬತ್ತು ದಾಟಿತ್ತಂತೆ. ಕಾಗದದಲ್ಲಿ ಆಕೆಯ ಹೆಸರಿತ್ತು. ಓದಿದಾಗ ಯಾರೋ ಬೇರೆಯವರ ಸಾವಿನ ಸುದ್ದಿ ಅನ್ನಿಸಿತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗಿಲ್ಲೆಸುಗೂರಿನ ಹಿರಿಯರೂ ಈಗಿಲ್ಲ, ನನ್ನ ಯಜಮಾನರೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ನೋಯುವವರು ಯಾರೂ ಉಳಿದಿಲ್ಲ.

ಆಕೆ ನಾನು ಓದಿದ ಸಿಸ್ಟರುಗಳ ಶಾಲೆಯ ಆಯಾ. ಗಂಟೆ ಹೊಡೆಯುವುದು, ಕಸ ಗುಡಿಸುವುದು, ಚಿಕ್ಕ ಮಕ್ಕಳ ಮೂಗು ಒರೆಸುವುದು ಆಕೆಯ ಕೆಲಸ. ರೈಲ್ವೆಯವರ ಮಕ್ಕಳನ್ನು ಸಿಸ್ಟರುಗಳು ಸುಲಭವಾಗಿ ಸೇರಿಸಿಕೊಳ್ಳುತ್ತಿದ್ದುದರಿಂದ, ಸ್ಟೇಷನ್ನಿನಲ್ಲಿ ಗಾಡಿಗಳಿಗೆ ಹಳಿ ಬದಲಿಸಿಕೊಡುತ್ತಿದ್ದ ಅಪ್ಪನ ಮಗಳಾದ ನಾನೂ ಅಲ್ಲಿಗೆ ಹೋಗಿ ಇಂಗ್ಲಿಷ್ ಪ್ರಾರ್ಥನೆ ಕಲಿತೆ, ಕಸೂತಿ ಕಲಿತೆ, ಸುಳ್ಳು ಹೇಳಬಾರದೆಂದು ಕಲಿತೆ. ಆಯಮ್ಮನಿಂದ ಕಲಿತದ್ದು ಬೇರೆ.

"ನೋಡು, ಕೇಳಬ್ಯಾಡ" ಎನ್ನುತ್ತಿದ್ದಳು. ಉಣ್ಣದೆ ಬಂದ ಹುಡುಗಿ ಯಾರೆಂದು ಆಕೆ ಯಾರನ್ನೂ ಕೇಳುತ್ತಿರಲಿಲ್ಲ. ಪ್ರಾರ್ಥನೆಗೆ ನಿಂತಾಗ ಎಲ್ಲರೂ ಎದೆಯ ಮೇಲೆ ಕೈ ಜೋಡಿಸಿದರೆ, ಹಸಿದವಳ ಕೈ ಹೊಟ್ಟೆಯ ಮೇಲಕ್ಕೆ ಇಳಿದಿರುತ್ತದಂತೆ. ಗಂಟೆ ಹೊಡೆದ ಮೇಲೆ ಅಂಥವಳ ಮುಂದೆ ಅರ್ಧ ರೊಟ್ಟಿ ಇಟ್ಟು, "ಇಲಿ ತಿಂತಾವು, ಖಾಲಿ ಮಾಡಬೇ" ಎಂದು ಹೋಗಿಬಿಡುವಳು.

ಆಕೆ ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ನಿಜಗಳನ್ನು ಹೇಗೆ ಜೋಡಿಸಿಡಬೇಕೆಂದು ಆಕೆಗೆ ಗೊತ್ತಿತ್ತು. ಒಮ್ಮೆ ನಮ್ಮ ತರಗತಿಯ ಹುಡುಗಿಯೊಬ್ಬಳು ಚೆಂಡೆಸೆದು ಗಾಜಿನ ದೀಪ ಒಡೆದಳು. ದೊಡ್ಡ ಸಿಸ್ಟರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಆಯಮ್ಮ ಮೂಲೆಯಿಂದ, "ನನ್ನ ಕಸಬರಗಿ ಆ ದೀಪದ ಬಾಜೂಕಽ ಇತ್ರೀ ಸಿಸ್ಟರ್" ಎಂದಳು. ಇದ್ದದ್ದು ಖರೆ. ಸಿಸ್ಟರು ಬಯ್ದದ್ದು ಆಯಮ್ಮನನ್ನು. ಆಕೆ ತಲೆ ತಗ್ಗಿಸಿ ಗಾಜು ಆರಿಸಿದಳು.

ಊರು ಯಾವುದೆಂದರೆ ಮಾನ್ವಿ ರಸ್ತೆಯ ಕಡೆ ಗದ್ದವೆತ್ತಿ, "ಆ ಕಡೀಗೆ" ಅನ್ನುವಳು. ಗಂಡ, ಮಕ್ಕಳು, ಜಾತಿ ಯಾವುದನ್ನು ಕೇಳಿದರೂ ತಂಬಾಕಿನ ಡಬ್ಬಿ ಹೊರಬರುತ್ತಿತ್ತು. ಖಾಲಿ ಪೌಡರಿನ ಡಬ್ಬಿ ಅದು, ಮುಚ್ಚಳದ ಮೇಲೆ ಸವೆದುಹೋದ ಬಿಳಿಯ ಮೇಮಿನ ಮುಖ. ನಮ್ಮ ಕ್ವಾರ್ಟರ್ಸಿನ ಸಾಲಿನ ಹಿಂದೆ ಒಂದು ತಗಡಿನ ಕೋಣೆಯಲ್ಲಿ ಒಬ್ಬಳೇ ಇದ್ದಳು. ಮೂರು ಕಲ್ಲಿನ ಒಲೆ. ಯಾಪಲದಿನ್ನಿಯಲ್ಲಿದ್ದ ನರಸಮ್ಮನ ಅಣ್ಣ ಆಗಾಗ ಬಂಡಿ ತುಂಬ ಕಟ್ಟಿಗೆ ಕಳಿಸುತ್ತಿದ್ದ. ಅದರಲ್ಲಿ ಒಂದೊಂದು ಹೊರೆ ಆಯಮ್ಮನಿಗೂ ಹೋಗುತ್ತಿತ್ತು.

*

ನನಗೆ ಗೊತ್ತುಮಾಡಿದ್ದ ಹುಡುಗ ಗಿಲ್ಲೆಸುಗೂರಿನ ಮನೆತನದವನು. ರಾಯಚೂರಿನ ಹತ್ತಿ ಗಿರಣಿಯಲ್ಲಿ ತೂಕ ಬರೆಯುತ್ತಿದ್ದ. ನೋಡಲು ಬಂದಾಗ ನಾನು ಕೊಟ್ಟ ನೀರು ಕುಡಿದು, ಲೋಟವನ್ನು ಹಾಗೇ ಬಿಡದೆ, ನಾನು ಬಗ್ಗದೆ ತೆಗೆದುಕೊಳ್ಳಲು ಬರುವಂತೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟ. ನಾನು ಅವನನ್ನು ನೋಡಿದ್ದು ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು. ಮದುವೆ ಗೊತ್ತಾಯಿತೆಂದು ಸಕ್ಕರೆ ಹಂಚಿದ್ದೂ ಆಯಿತು.

ಊಟಕ್ಕೆ ಕುಳಿತಾಗ ಹುಡುಗನ ದೊಡ್ಡಪ್ಪ ಅಪ್ಪನನ್ನು ಕೇಳಿದ, "ಬೀಗರಽ, ದೇವದುರ್ಗ ಅಂದ್ರಿ. ಹುಟ್ಟಿದ್ದೂ ಅಲ್ಲೇನು?"

"ಹುಟ್ಟಿದ್ದು ಕುರ್ಡಿ ಅಂತ್ರೀ. ಪ್ಲೇಗಿನಾಗ ಅವ್ವ ಅಪ್ಪ ಇಬ್ರೂ ಹೋದ್ರು. ಸ್ವಾದರಮಾವ ದೇವದುರ್ಗಕ್ಕ ಒಯ್ದು ಜ್ವಾಪಾನ ಮಾಡಿದ."

ಮುದುಕ ತುತ್ತನ್ನು ಎಲೆಯ ಮೇಲೆ ಇಟ್ಟ. "ಮತ್ತ ಬೇವಿನವರು ಅಂದೆಲ್ಲೋ ತಮ್ಮಾ. ಬೇವು ನಿನ್ನ ಮಾವಂದು. ಮಾವನ ಮನ್ಯಾಗ ಉಂಡ್ರ ಮಾವನ ಬೆಡಗು ಬರ್ತದೇನು? ಕುರ್ಡ್ಯಾಗ ನಮ್ಮ ಜಾಲಿ ಬೆಡಗಿನವರಽ ಭಾಳ ಅದಾರ."

ಮೂರು ವರ್ಷದ ಅನಾಥ ಕೂಸು ತನ್ನನ್ನು ಎತ್ತಿಕೊಂಡವರ ಗಿಡವನ್ನೇ ತನ್ನ ಗಿಡವೆಂದುಕೊಂಡಿತ್ತು. ಅಪ್ಪನ ತಪ್ಪು ಅಷ್ಟೇ. ಮುದುಕ ಕೆಟ್ಟವನೇನಲ್ಲ. ಕೈ ತೊಳೆದು, "ಬರೋ ಬುಧವಾರ ಸಂಜಿಗೆ ಬರ್ತೀನಿ. ಗೊತ್ತು ಮಾಡಿ ಇಡ್ರಿ. ಜಾಲಿ ಆಗಿದ್ರ ಹುಡುಗಿ ನಮ್ಮ ಮಗಳು ಆಗ್ತಾಳ, ಸೊಸಿ ಆಗೂದಿಲ್ಲ" ಎಂದು ನನ್ನ ತಲೆ ಮುಟ್ಟಿ ಹೋದ.

ನಮ್ಮ ಮನೆಯ ಒಲೆಯನ್ನು ನೋಡಿ ಯಾರೂ ಏನೂ ಹೇಳುವಂತಿರಲಿಲ್ಲ. ನಮ್ಮದು ರೈಲಿನ ಕಲ್ಲಿದ್ದಲು. ಕಲ್ಲಿದ್ದಲಿಗೆ ಬೆಡಗಿಲ್ಲ.

ಅವ್ವ ನಳದ ಹತ್ತಿರ ಕಣ್ಣೀರು ಹಾಕಿದ್ದನ್ನು ಆಯಮ್ಮ ನೋಡಿದಳು. "ನಾನೂ ಬರ್ತೀನಿ. ಗಂಡಸ್ರು ಕಟ್ಟಿ ಮ್ಯಾಲ ಕುಂತು ಕೇಳ್ತಾರ, ಕೇಳಿದ್ದಕ್ಕ ಮಂದಿ ಏನರೆ ಒಂದು ಹೇಳ್ತಾರ. ನಾ ಒಳಗ ಹೋಗಿ ಒಲ್ಯಾಗ ಏನ್ ಉರೀತದ ನೋಡ್ತೀನಿ. ಹುಡುಗೀನೂ ಬರ್ಲಿ, ಆಕಿ ಕಣ್ಣು ಚುರುಕದಾವು" ಎಂದಳು.

ಭಾನುವಾರ ಅಪ್ಪ, ಆಯಮ್ಮ, ನಾನು ಮೂವರೂ ದೇವದುರ್ಗಕ್ಕೆ ಹೋದೆವು. ಗುಡ್ಡದ ಬುಡದಲ್ಲಿ ಮಾವನ ಮಕ್ಕಳ ಮನೆ. ಅಪ್ಪ ಕಟ್ಟೆಯ ಮೇಲೆ ಕುಳಿತ. "ನಮ್ಮದಽ ನಿಮ್ಮದು, ಇದನ್ನೇನು ಕೇಳ್ತಿ?" ಎಂದರು ಅವರು ಪ್ರೀತಿಯಿಂದ. ಆಯಮ್ಮ ಒಳಗೆ ಹೋಗಿ, "ತಂಗೀ, ಹಲ್ಲು ನೋಯಾಕತ್ತದ, ಒಂದೀಟು ಬಿಸಿನೀರು ಕೊಡು" ಎಂದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಒಲೆಯ ಪಕ್ಕ ಜಾಲಿ ಇತ್ತು, ತೊಗರಿ ಕಟ್ಟಿಗೆ ಇತ್ತು. ಹಿತ್ತಿಲಲ್ಲಿ ದೊಡ್ಡ ಬೇವಿನ ಮರ, ಬೊಡ್ಡೆಗೆ ಅರಿಶಿನ, ಒಂದು ಟೊಂಗೆಯೂ ಕಡಿದಿರಲಿಲ್ಲ. ಹೊರಗೆ ಬಂದು ಆಯಮ್ಮ ಅಪ್ಪನಿಗೆ ಮೆಲ್ಲಗೆ ಹೇಳಿದಳು. "ಬೇವು ಇವರದು, ಖರೆ ಅದ. ಇವರು ನಿಮ್ಮವ್ವನ ತವರಿನವರು. ನಿಂದು ಇಲ್ಲಿಲ್ಲಪ್ಪಾ."

ಮಾರನೆಯ ದಿನ ಮಾನ್ವಿಯ ಕಚೇರಿಯಲ್ಲಿ ಮುನ್ಷಿಯೊಬ್ಬರು ಉರ್ದು ದಫ್ತರ ಬಿಚ್ಚಿ ಅಜ್ಜನ ಹೆಸರು ಹುಡುಕಿಕೊಟ್ಟರು. ಕುರ್ಡಿಯಲ್ಲಿ ಹಿರೇಬಾವಿಯ ಪಕ್ಕದ ಮನೆ. ಬೆಡಗು ಬರೆದಿದೆಯೇ ಎಂದು ಅಪ್ಪ ಕೇಳಿದ್ದಕ್ಕೆ ಅವರು ನಕ್ಕು, "ಸರ್ಕಾರಕ್ಕ ಅದ್ಯಾಕ ಬೇಕ್ ಮಿಯಾ? ಸರ್ಕಾರ ಏನ್ ಲಗ್ನ ಮಾಡ್ಕೋತದ?" ಎಂದರು. ಅಪ್ಪನ ರಜೆ ಅಲ್ಲಿಗೆ ಮುಗಿಯಿತು. ಮಿಲಿಟರಿ ಗಾಡಿಗಳು ಹಗಲೂ ರಾತ್ರಿ ಓಡುತ್ತಿದ್ದ ಯುದ್ಧದ ಕಾಲ. ಮತ್ತೊಂದು ದಿನ ಕೇಳಿದರೆ ಕೆಲಸವೇ ಹೋಗುತ್ತಿತ್ತು. ಆಯಮ್ಮನಿಗೆ ಶಾಲೆಯಿಂದ ಬಿಡುವು ಸಿಕ್ಕಿದ್ದು ಬುಧವಾರ. ಹಾಗಾಗಿ ಕುರ್ಡಿಗೆ ನಾವಿಬ್ಬರೇ ಹೊರಟೆವು.

*

ಮಾನ್ವಿಯ ಮೋಟಾರಿಗೆ ಹಿಂದೆ ಇದ್ದಲಿಯ ದೊಡ್ಡ ಡಬ್ಬಿ ಕಟ್ಟಿದ್ದರು. ಪೆಟ್ರೋಲು ಸಿಗದ ದಿನಗಳು, ಇದ್ದಲಿಯ ಹೊಗೆಯಿಂದಲೇ ಮೋಟಾರು ಓಡಬೇಕಿತ್ತು. ಏರು ಬಂದಲ್ಲೆಲ್ಲ ನಿಂತು, ಕೆದಕಿಸಿಕೊಂಡು, ಕೆಮ್ಮಿ ಮುಂದೆ ಹೋಗುತ್ತಿತ್ತು. ಕುರ್ಡಿಯ ದಾರಿ ಒಡೆಯುವಲ್ಲಿ ಇಳಿದು ನಡೆದೆವು. ಎರೆಹೊಲ ಬಿರಿದಿತ್ತು. ಆಯಮ್ಮ ಸೆರಗನ್ನು ಹಣೆ ಮುಚ್ಚುವಷ್ಟು ಎಳೆದುಕೊಂಡು ಮುಂದೆ ಮುಂದೆ ನಡೆದಳು. ದಾರಿ ಕವಲೊಡೆದಲ್ಲಿ ನಿಲ್ಲಲಿಲ್ಲ. ಊರೊಳಗೆ ಹೊಕ್ಕ ಮೇಲೂ ಹಿರೇಬಾವಿ ಎಲ್ಲಿ ಎಂದು ಒಬ್ಬರನ್ನೂ ಕೇಳಲಿಲ್ಲ. ಕೇಳದೆ ನೋಡುವ ಆಯಮ್ಮನಲ್ಲವೇ, ಬಾವಿಯ ಗಡಗಡೆ ಕಂಡಿರಬೇಕು ಎಂದುಕೊಂಡೆ.

ಅಜ್ಜನ ಮನೆ ಬಿದ್ದಿತ್ತು. ಮಣ್ಣಿನ ಒಂದು ಗೋಡೆ, ಅದರಲ್ಲಿ ದೀಪದ ಗೂಡು, ಗೂಡಿನಲ್ಲಿ ಇನ್ನೂ ಹೊಗೆಯ ಕಪ್ಪು. ನಡುಮನೆ ಇದ್ದಲ್ಲಿ ಜಾಲಿ ಬೆಳೆದು ನಿಂತಿತ್ತು. ನಾನು ಅದರ ಮುಂದೆ ನಿಂತುಬಿಟ್ಟೆ. "ಬಿದ್ದ ಮನ್ಯಾಗೆಲ್ಲಾ ಜಾಲಿ ಬೆಳೀತದ. ಅದರಿಂದೇನೂ ತಿಳ್ಯಂಗಿಲ್ಲ" ಎಂದಳು ಆಯಮ್ಮ.

ಪಕ್ಕದ ಮನೆಯ ಬಾಗಿಲು ತೆರೆದಿತ್ತು. ಒಳಗೆ ಒಬ್ಬ ಮುದುಕಿ ಉಣ್ಣೆ ಹಿಂಜುತ್ತಿದ್ದಳು. ಕಣ್ಣುಗಳಿಗೆ ಹಾಲಿನಂಥ ಪೊರೆ. ಒಲೆಯ ಮುಂದೆ ಮೊಮ್ಮಗನ ಹೆಂಡತಿ, ಹಸಿರು ಬಳೆ ಇನ್ನೂ ಹೊಸದಾಗಿದ್ದ ಹುಡುಗಿ, ರೊಟ್ಟಿ ಬಡಿಯುತ್ತಿದ್ದಳು.

"ಯಾರಬೇ?"

"ರಾಯಚೂರಿನವ್ರು ಯವ್ವಾ. ಈ ಹುಡುಗಿ ಲಗ್ನಕ್ಕ ಒಂದು ಕಂಬಳಿ ಬೇಕಾಗಿತ್ತು."

ಮುದುಕಿ ತಲೆ ಓರೆ ಮಾಡಿದಳು. "ನಿನ್ನ ದನಿ ಎಲ್ಲೋ ಕೇಳೀನಲ್ಲಬೇ."

"ಸಂತ್ಯಾಗ ಕೇಳಿರ್ತಿ. ಎಲ್ಲಾರ ದನೀನೂ ಹಿಂಗಽ ಇರ್ತಾವು" ಎಂದು ಆಯಮ್ಮ ಸೆರಗನ್ನು ಇನ್ನಷ್ಟು ಎಳೆದುಕೊಂಡಳು. ಸ್ವಲ್ಪ ಹೊತ್ತು ಉಣ್ಣೆಯ ಮಾತಾಡಿ, "ಬಾಜೂಕ ಬಿದ್ದದ್ದು ಯಾರ ಮನಿ?" ಎಂದಳು.

"ನಮ್ಮ ಭಾವಂದು. ಪ್ಲೇಗಿನಾಗ ಎರಡು ದಿನದೊಳಗ ಗಂಡ ಹೆಂಡ್ತಿ ಇಬ್ರೂ ಹೋದ್ರು. ಒಂದು ಗಂಡು ಕೂಸಿತ್ತು. ಅದರ ಸ್ವಾದರಮಾವ ಒಯ್ದ. ಆ ಕೂಸಿಗೆ ನನ್ನ ಎದೀಹಾಲೂ ಕುಡಿಸಿದ್ನೆವ್ವಾ ನಾಕು ದಿನ. ಇದ್ದದೋ ಸತ್ತದೋ ದೇವರಿಗೇ ಗೊತ್ತು."

ಇದ್ದಾನೆ, ಸ್ಟೇಷನ್ನಿನಲ್ಲಿ ಹಸಿರು ಬಾವುಟ ಹಿಡಿದು ನಿಂತಿದ್ದಾನೆ, ಎಂದು ನನ್ನ ಗಂಟಲಿನವರೆಗೆ ಬಂತು. ಆಯಮ್ಮನ ಅಂಗೈ ನನ್ನ ಪಾದವನ್ನು ನೆಲಕ್ಕೆ ಒತ್ತಿ ಹಿಡಿದಿತ್ತು.

ಆಗ ಒಲೆ ನೋಡಿದೆ. ಹಂಚಿನ ಕೆಳಗೆ ಮುಳ್ಳು ಮುಳ್ಳಿನ ಕಪ್ಪು ಕಟ್ಟಿಗೆ ಚಿಟಪಟನೆ ಉರಿಯುತ್ತಿತ್ತು. ಜಾಲಿ. ಸಂಶಯವೇ ಇಲ್ಲ. ಜಾಲಿ ಬೆಡಗಿನವರ ಒಲೆಯಲ್ಲಿ ಜಾಲಿ ಉರಿಯುವುದಿಲ್ಲ. ನನ್ನ ಮೈಯ ಬಿಗಿಯೆಲ್ಲ ಒಮ್ಮೆಗೇ ಸಡಿಲಾಗಿ ಕಣ್ಣಲ್ಲಿ ನೀರು ಬಂತು. ಆಯಮ್ಮನ ಕಡೆ ತಿರುಗಿದೆ. ಆಕೆಯೂ ಅದನ್ನೇ ನೋಡುತ್ತಿದ್ದಳು. ಆದರೆ ಆಕೆಯ ಮುಖ ಸಡಿಲಾಗಿರಲಿಲ್ಲ.

ಮುದುಕಿ ಮೂಗು ಅರಳಿಸಿದಳು. "ಲೇ, ಏನ್ ಹಾಕಿದಿ ಒಲ್ಯಾಗ?"

"ಕಟಗಿ, ಅಜ್ಜೀ."

"ಕಣ್ಣು ನಂದು ಹೋಗ್ಯಾವು, ನಿಂದೇನಾಗ್ಯಾವ? ಜಾಲಿ ವಾಸನಿ ಅದು! ಮನೀ ಗಿಡಾನಽ ಒಲಿಗೆ ಹಾಕ್ತೀಯಲ್ಲ, ನಿಮ್ಮವ್ವ ಇದನ್ನಽ ಕಲಿಸ್ಯಾಳೇನು?"

"ಹೊರ್ಯಾಗ ಬಂದಿತ್ತಜ್ಜೀ, ನೋಡ್ಲಿಲ್ಲ. ನಮ್ಮ ತವರಾಗ ಇದನ್ನಽ ಉರಸ್ತೀವಿ..." ಹುಡುಗಿ ಅಳುಮೋರೆ ಮಾಡಿದಳು.

ಮುದುಕಿ ತಡವರಿಸುತ್ತ ಬಂದು, ಉರಿಯುವ ಕೊಳ್ಳಿಯನ್ನು ಬರಿಗೈಯಲ್ಲೇ ಹೊರಗೆಳೆದು, ನೀರು ಚಿಮುಕಿಸಿದಳು. ಹೊಗೆಯಾಡುವ ಆ ಕಟ್ಟಿಗೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಗೋಡೆಗೆ ನಿಲ್ಲಿಸಿ, "ತಪ್ಪಾತಪ್ಪಾ, ಸಣ್ಣಾಕಿ, ಹೊಟ್ಟ್ಯಾಗ ಹಾಕ್ಕೋ" ಎಂದಳು.

ಆ ಮುದುಕಿ ನನ್ನ ಅಪ್ಪನ ಚಿಕ್ಕಮ್ಮ. ಆಕೆಯ ಗಂಡನ ಗಿಡವೇ ನನ್ನ ಅಜ್ಜನ ಗಿಡ, ನನ್ನ ಅಪ್ಪನ ಗಿಡ, ನನ್ನ ಗಿಡ. ನೀರಿನ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ ಹುಡುಗನ ಗಿಡವೂ ಅದೇ.

ಆಯಮ್ಮ ಕಂಬಳಿಗೆ ಮುಂದಿನ ವಾರ ಬರುವುದಾಗಿ ಹೇಳಲಿಲ್ಲ. "ಹೊತ್ತಾತು ಯವ್ವಾ, ಮೋಟಾರು ತಪ್ತದ" ಎಂದಷ್ಟೇ ಹೇಳಿ ಎದ್ದಳು. ಹೊರಡುವಾಗ ಬಗ್ಗಿ ಮುದುಕಿಯ ಕಾಲು ಮುಟ್ಟಿದಳು. ಕಂಬಳಿ ಕೊಳ್ಳಲು ಬಂದವರು ಕಾಲು ಮುಟ್ಟುವುದುಂಟೇ ಎಂದು ನನಗೆ ಆಗ ಹೊಳೆಯಲಿಲ್ಲ.

*

ಮೋಟಾರಿನಲ್ಲಿ ಆಯಮ್ಮ ಕಿಟಕಿಯ ಪಕ್ಕದ ಜಾಗ ಹಿಡಿದಳು. ಆಕೆ ತಂಬಾಕಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚದೆ ಹಾಗೇ ಹಿಡಿದು ಕುಳಿತಿದ್ದಳು. ಆಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು. "ಒಬ್ಬಾಕಿ ಹುಡುಗಿ ಇದ್ದಳು. ಆಕಿದೂ ಹಿಂಗಽ ಆಗಿತ್ತು. ಒಂದಽ ಬೆಡಗು, ಬ್ಯಾಡ ಅಂದ್ರು. ಆ ಹುಡುಗ ಹಾಸಿಗಿ ಹಿಡಿದು ಸತ್ತ. ಆಕಿ ಊರು ಬಿಟ್ಟಳು."

"ಆಮ್ಯಾಲ?"

"ಆಮ್ಯಾಲೇನು? ಗಂಟಿ ಹೊಡಿಯೂದು, ಹುಡುಗೂರ ಮೂಗು ಒರಸೂದು."

ನಾನು ಆಕೆಯ ಮುಖ ನೋಡಲು ಹೆದರಿ, ಮಡಿಲಲ್ಲಿದ್ದ ಕೈಗಳನ್ನು ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಗಂಟೆಯ ಹಗ್ಗ ಎಳೆದೆಳೆದು ಜಡ್ಡುಗಟ್ಟಿತ್ತು.

"ನೀ ಏನ್ ನೋಡಿದಿ ಅಲ್ಲಿ?" ಎಂದಳು.

"ಒಲ್ಯಾಗ ಜಾಲಿ ಉರೀತಿತ್ತು."

"ಉರೀತಿತ್ತಲ್ಲ?"

"ಉರೀತಿತ್ತು. ಆದ್ರ..."

"ನಾ ಅಷ್ಟಽ ಕೇಳಿದ್ನಿ" ಎಂದಳು ಆಯಮ್ಮ. ಡಬ್ಬಿಯ ಮುಚ್ಚಳ ಆಗ ತೆರೆಯಿತು.

ರಾಯಚೂರಿನಲ್ಲಿ ಇಳಿದಾಗ ನಾಲ್ಕು ದಾಟಿತ್ತು. ಅವ್ವ ಬಾಗಿಲಲ್ಲೇ ನಿಂತಿದ್ದಳು. ಆಯಮ್ಮ ಆಕೆಗೆ ಏನೂ ಹೇಳದೆ, "ಸಿಗಡಿ ಮ್ಯಾಲ ಇಷ್ಟು ಮಂದಿಗೆ ಚಾ ಆಗೂದಿಲ್ಲ" ಎಂದು ಅಂಗಳದಲ್ಲಿ ಮೂರು ಕಲ್ಲು ಹೂಡಿದಳು. ನರಸಮ್ಮನ ಹಿತ್ತಿಲಿಗೆ ಹೋಗಿ ಒಂದು ಹೊರೆ ಕಟ್ಟಿಗೆ ತಲೆಯ ಮೇಲೆ ಹೊತ್ತು ತಂದಳು. ಬೀಗರು ಕೂರುವ ಚಾಪೆಗೆ ಎದುರಾಗಿ ಒಲೆ, ಒಲೆಯ ಪಕ್ಕದಲ್ಲೇ ಹೊರೆ. ಮುಳ್ಳು ಮುಳ್ಳಿನ ಕಪ್ಪು ಕಟ್ಟಿಗೆ. ಬರೀ ಜಾಲಿ.

ಅಪ್ಪ ಕೆಲಸದಿಂದ ನೇರವಾಗಿ, ಕೈಯಲ್ಲಿ ಬಾವುಟವನ್ನು ಹಿಡಿದುಕೊಂಡೇ ಬಂದ. "ಕುರ್ಡ್ಯಾಗ ನಮ್ಮವರು ಅಂತ ಯಾರರೆ ಇದ್ರೇನು ಆಯಮ್ಮಾ?" ಅದೇ ಅವನ ಮೊದಲ ಮಾತು. ಬೆಡಗಿನ ಮಾತು ಆಮೇಲೆ.

ಆಯಮ್ಮ ಒಲೆಯಲ್ಲಿ ಕಟ್ಟಿಗೆ ಜೋಡಿಸುತ್ತಿದ್ದಳು. "ಮನಿ ಬಿದ್ದದಪ್ಪಾ" ಎಂದಳು.

ಅಪ್ಪ ತಲೆಯಾಡಿಸಿ ಬಾವುಟವನ್ನು ಗೂಟಕ್ಕೆ ಸಿಕ್ಕಿಸಿದ. ಆ ಒಂದು ಮಾತಿಗೆ ಅಪ್ಪ ತೆತ್ತದ್ದೇನು ಎಂಬುದು ನನಗೂ ಆಯಮ್ಮನಿಗೂ ಮಾತ್ರ ಗೊತ್ತಿತ್ತು. ನನ್ನ ಮೊದಲ ಮಗು ಹುಟ್ಟಿದ ವರ್ಷ ಅಪ್ಪನಿಗೆ ಎಲ್ಲ ಹೇಳಿದೆ. ಆತ ಬಯ್ಯಲಿಲ್ಲ. ಅದೇ ವಾರ ರಜೆ ಹಾಕಿ ಕುರ್ಡಿಗೆ ಹೋದ. ಮುದುಕಿ ತೀರಿಹೋಗಿ ಆರು ತಿಂಗಳಾಗಿತ್ತು.

ಐದೂವರೆಗೆ ಹುಡುಗನ ದೊಡ್ಡಪ್ಪ ಇನ್ನೊಬ್ಬ ಹಿರಿಯರ ಜೊತೆ ಬಂದ. ಚಾಪೆಯ ಮೇಲೆ ಕುಳಿತು ತಲೆಯ ಪಟಗ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಆಗಲೇ ಒಲೆಯ ಹೊಗೆ ಅವನ ಕಡೆ ತಿರುಗಿತು. ಅವನಿಗೆ ಕೂಡಲೇ ತಿಳಿಯಿತು. ಚಾಪೆಯಿಂದೆದ್ದು, ಧೋತರವನ್ನು ಸುತ್ತಿಕೊಂಡು, ಹೊಗೆ ತಾಗದ ಕಡೆಗೆ ಹೋಗಿ ಬರಿನೆಲದ ಮೇಲೆ ಕುಳಿತ. ತನ್ನ ಮನೆಯ ಗಿಡ ಉರಿಯುವ ಹೊಗೆಯಲ್ಲಿ ಕುಳಿತುಕೊಳ್ಳುವುದಾದರೂ ಹೇಗೆ?

"ಜಾಲಿ ಉರಸ್ತೀರೇನು ನೀವು?" ಎಂದ.

ಅವ್ವ ಬಾಯಿ ತೆರೆದಳು. ಆಯಮ್ಮ ಮೊದಲು ಮಾತಾಡಿದಳು. "ಉರ್ಯಾಕತ್ತದಲ್ರೀ ಯಜಮಾನ್ರಽ, ನಿಮ್ಮ ಕಣ್ಮುಂದಽ."

"ಕುರ್ಡ್ಯಾಗ?"

"ಅಲ್ಲಿ ಇವರ ಮನಿ ಬಿದ್ದದ. ಬಾಜೂಕ ಇವರ ದಾಯಾದ್ಯಾರ ಮನಿ ಅದ. ರೊಟ್ಟಿ ಮಾಡಾಕತ್ತಿದ್ರು. ಹಂಚಿನ ಬುಡಕ ಜಾಲೀನಽ ಉರೀತಿತ್ತು. ನಾ ಮುದುಕಿ, ನನ್ನ ಕಣ್ಣು ನಂಬಬ್ಯಾಡ್ರಿ. ಹುಡುಗಿ ಸಿಸ್ಟರ್ ಸಾಲ್ಯಾಗ ಓದ್ಯಾಳ, ಆಕೀನ್ನ ಕೇಳ್ರಿ."

ಮುದುಕ ನನ್ನ ಕಡೆ ತಿರುಗಿದ. ಕಪಟವಿಲ್ಲದ ಕಣ್ಣು ಅವನದು. "ನೋಡಿದೇನವ್ವಾ? ಜಾಲಿ ಉರೀತಿತ್ತಾ?"

ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದೆ. ಸಿಸ್ಟರು ಹೇಳಿಕೊಟ್ಟದ್ದೆಲ್ಲ ನಾಲಿಗೆಯ ಹಿಂದೆ ಬಂದು ನಿಂತಿತು. ಅಪ್ಪ ನೆಲ ನೋಡುತ್ತಿದ್ದ. ಅವ್ವ ಸಕ್ಕರೆಯ ಬಟ್ಟಲು ಹಿಡಿದು ನಿಂತಿದ್ದಳು. ಆಯಮ್ಮ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಊದುಗೊಳವೆ ಬಾಯಿಗಿಟ್ಟು ಒಲೆ ಊದುತ್ತಿದ್ದಳು.

"ಹೌದ್ರೀ" ಎಂದೆ. "ಉರೀತಿತ್ತು."

ಮುದುಕ ದೊಡ್ಡ ಉಸಿರು ಬಿಟ್ಟ. "ದೇವರು ದೊಡ್ಡಂವ. ಎಂಟು ದಿನದಿಂದ ನಿದ್ದಿಲ್ಲ ನನಗ. ಹುಡುಗ ನಮ್ಮ ಮನ್ಯಾಗ ಊಟಾನಽ ಬಿಟ್ಟಾನ" ಎಂದು ನಕ್ಕ. ಅವ್ವ ಅಳುತ್ತಲೇ ಸಕ್ಕರೆ ತಂದಳು. ಅಪ್ಪ ಬೀಗರ ಕೈ ಹಿಡಿದುಕೊಂಡ. ಚಹಾವನ್ನು ಮಾತ್ರ ಆ ಮುದುಕ ಕುಡಿಯಲಿಲ್ಲ. "ನಿಮ್ಮ ಒಲಿಗೆ ದೋಷ ಇಲ್ಲ ಬಿಡ್ರಿ, ಆದ್ರ ಜಾಲಿ ಮ್ಯಾಲ ಕುದ್ದದ್ದು ನಮಗ ಸಲ್ಲೂದಿಲ್ಲ" ಎಂದು ನೀರು ಕೇಳಿ ಕುಡಿದ. ಬಟ್ಟಲಲ್ಲಿ ಉಳಿದ ಸಕ್ಕರೆಯನ್ನು ಅವ್ವ ಆಯಮ್ಮನ ಬಾಯಿಗೆ ಹಾಕಲು ಹೋದಳು. ಆಯಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಮುಖ ತಿರುಗಿಸಿದಳು. "ಹೊಗಿ ಬೇ, ಹೊಗಿ" ಎಂದಳು.

ಬೀಗರು ಹೊತ್ತು ಮುಳುಗುವ ಮೊದಲು ಹೊರಟರು. ಅವರು ಮರೆಯಾದದ್ದೇ ಆಯಮ್ಮ ಒಲೆಯ ಕಲ್ಲು ಕಿತ್ತಳು. ಬೂದಿಯನ್ನು ನೀರಿನಲ್ಲಿ ಕಲಸಿ ಎಲ್ಲೂ ಚೆಲ್ಲದೆ, ತನ್ನ ಹಿತ್ತಾಳೆಯ ತಂಬಿಗೆಯಲ್ಲಿ ತುಂಬಿಕೊಂಡು ಕೋಣೆಗೆ ಹೋದಳು. ಉಂಡು ಹೋಗೆಂದು ಅವ್ವ ಕೂಗಿದರೂ ತಿರುಗಲಿಲ್ಲ. ಬಚ್ಚಲ ಕಲ್ಲಿನ ಮೇಲೆ ಅಪ್ಪನ ಬೇವಿನ ಕಡ್ಡಿ ಬೆಳಗಿನ ಹಾಗೆಯೇ ಬಿದ್ದಿತ್ತು.

ನಾನು ಉಳಿದ ಕಟ್ಟಿಗೆಯನ್ನು ಗೋಡೆಯ ಮೇಲಿನಿಂದ ನರಸಮ್ಮನಿಗೆ ಹಿಂದಿರುಗಿಸಿದೆ. ಆಕೆ ಒಂದೊಂದನ್ನೇ ತನ್ನ ರಾಶಿಗೆ ಎಸೆಯುತ್ತ, ಕೋಳಿಗಳಿಗೆ ಹೇಳುವಂತೆ ಹೇಳಿದಳು.

"ಅಲ್ಲವಾ, ನಿಮ್ಮ ಆಯಮ್ಮಂದು ಏನಿದು ಹೊಸಾದು? ಹತ್ತು ವರ್ಷದಿಂದ ನಾ ಕೊಟ್ಟ ಹೊರ್ಯಾಗಿಂದ ಜಾಲಿ ಒಂದೊಂದಽ ಆರಿಸಿ, ಕಣ್ಣಿಗೆ ಹಚ್ಕೊಂಡು, ಈ ಗ್ವಾಡಿ ಮ್ಯಾಲ ಇಟ್ಟು ಹೋಗಾಕಿ. ಹೊಗಿ ಬರ್ತದ, ನನಗ ಆಗಿಬರೂದಿಲ್ಲ ಅಂತಿದ್ದಳು. ಇವತ್ತ ಬಂದು, ಬರೇ ಜಾಲೀನಽ ಕೊಡು ಅಂದಳು ನೋಡು!"